ಗಣಪನಿಂದ ಕಡಲೆಕಾಯಿ ಪರಿಷೆವರೆಗೆ: ವೈಟ್‌ಫೀಲ್ಡ್ ಕುಟುಂಬಗಳಿಗೆ ಮೂರು ತಿಂಗಳ ಹಬ್ಬದ ಕೈಪಿಡಿ

ವೈಟ್‌ಫೀಲ್ಡ್: ಭಾದ್ರಪದದ ಚೌತಿಗೆ ಶುರುವಾಗುವ ಹಬ್ಬದ ಸಾಲು ಕಾರ್ತಿಕದ ಕೊನೆಯ ಸೋಮವಾರದವರೆಗೂ ನಿಲ್ಲುವುದಿಲ್ಲ. ಗೌರಿ-ಗಣೇಶ, ನವರಾತ್ರಿ, ಆಯುಧಪೂಜೆ, ದೀಪಾವಳಿ, ರಾಜ್ಯೋತ್ಸವ ಒಂದರ ಹಿಂದೊಂದು ಬರುತ್ತವೆ. ನಡುವೆ ಮಕ್ಕಳಿಗೆ ದಸರಾ ರಜೆ. ಅಂಗಡಿಯವರಿಗೆ ವರ್ಷದ ದೊಡ್ಡ ವ್ಯಾಪಾರ ಇದೇ ಮೂರು ತಿಂಗಳಲ್ಲಿ. ಯಾವ ಹಬ್ಬಕ್ಕೆ ಏನು ತಯಾರಿ ಬೇಕು, ನಿಯಮ ಏನು, ಮಕ್ಕಳನ್ನು ಕರ್ಕೊಂಡು ಎಲ್ಲಿಗೆ ಹೋಗಬಹುದು ಎಂಬ ವಿವರ ಇಲ್ಲಿದೆ. ತಿಥಿ ಪ್ರತಿವರ್ಷ ಬದಲಾಗುವುದರಿಂದ ದಿನಾಂಕಕ್ಕೆ ಪಂಚಾಂಗ ನೋಡಿಕೊಳ್ಳಬೇಕು.

ಮೊದಲು ಮಳೆಯ ಲೆಕ್ಕ

ಬೆಂಗಳೂರಿನಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮುಂಗಾರಿನ ಕೊನೆ, ಹಿಂಗಾರಿನ ಆರಂಭ ಎರಡೂ ಈ ದಿನಗಳಲ್ಲೇ ಬರುತ್ತವೆ. 2022ರ ಸೆಪ್ಟೆಂಬರ್ ಆರಂಭದಲ್ಲಿ ಮಹದೇವಪುರ ಭಾಗದ ಬಡಾವಣೆಗಳು ಮುಳುಗಿ, ಜನರನ್ನು ಟ್ರ್ಯಾಕ್ಟರ್‌ಗಳಲ್ಲಿ ಸಾಗಿಸಿದ್ದು ಯಾರೂ ಮರೆತಿಲ್ಲ. ಹಾಗಾಗಿ ಸಂಜೆ ಕಾರ್ಯಕ್ರಮ ಇಟ್ಟುಕೊಳ್ಳುವವರು ಶಾಮಿಯಾನ ಹಾಕಿದರೆ ಮುಗೀತು ಅಂದುಕೊಳ್ಳಬಾರದು. ರಾಜಕಾಲುವೆ ಪಕ್ಕ ಪೆಂಡಾಲ್ ಬೇಡ. ವೈರ್ ನೆಲದ ಮೇಲೆ ಎಳೆಯಬಾರದು. ಮಕ್ಕಳ ಸ್ಪರ್ಧೆಗಳನ್ನು ಬೆಳಗ್ಗೆಯೇ ಮುಗಿಸಿಕೊಂಡರೆ ಒಳ್ಳೆಯದು, ನಮ್ಮ ಕಡೆ ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೇ ಬರುತ್ತದೆ.

ಗೌರಿ-ಗಣೇಶ: ಅನುಮತಿ, ಮಣ್ಣಿನ ಗಣಪ, ವಿಸರ್ಜನೆ

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ಪಾಲಿಕೆಗಳು ಬಂದವು. ಕೆ.ಆರ್.ಪುರ, ಮಹದೇವಪುರ ಕ್ಷೇತ್ರಗಳು ಈಗ ಬೆಂಗಳೂರು ಪೂರ್ವ ನಗರ ಪಾಲಿಕೆಯಲ್ಲಿವೆ. ಬೀದಿಯಲ್ಲಿ ಗಣೇಶನನ್ನು ಕೂರಿಸುವ ಯುವಕರ ಸಂಘಗಳಿಗೆ ಪಾಲಿಕೆ, ಪೊಲೀಸ್, ಬೆಸ್ಕಾಂ, ಅಗ್ನಿಶಾಮಕ ದಳ ನಾಲ್ಕರ ಒಪ್ಪಿಗೆಯೂ ಬೇಕು. ಹಬ್ಬದ ಹೊತ್ತಿಗೆ ತೆರೆಯುವ ಏಕಗವಾಕ್ಷಿ ಕೇಂದ್ರಗಳಲ್ಲಿ ಇವನ್ನು ಒಟ್ಟಿಗೇ ಪಡೆಯಬಹುದು. ಕೊನೇ ದಿನದವರೆಗೆ ಕಾಯುವುದು ಬೇಡ.

ಪಿಒಪಿ ಮೂರ್ತಿಗಳಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 2016ರಿಂದಲೇ ನಿಷೇಧ ಹೇರಿದೆ. ಪಿಒಪಿ ನೀರಲ್ಲಿ ಕರಗುವುದಿಲ್ಲ, ಅದಕ್ಕೆ ಬಳಿದ ಬಣ್ಣದ ಸೀಸ, ಕ್ರೋಮಿಯಂನಂಥ ಲೋಹಗಳು ಮಾತ್ರ ನೀರಿಗಿಳಿಯುತ್ತವೆ. ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದದ್ದನ್ನು ಕಣ್ಣಾರೆ ಕಂಡ ಊರಿದು. ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದದ್ದನ್ನೂ ಕಂಡಿದೆ. ಅದಕ್ಕೆ ಕಾರಣ ಮುಖ್ಯವಾಗಿ ಕೊಳಚೆ ನೀರು, ಗಣಪನಲ್ಲ. ಆದರೂ ಸುಸ್ತಾದ ಕೆರೆಗಳ ಮೇಲೆ ಇನ್ನೊಂದು ಹೊರೆ ಯಾಕೆ ಹಾಕಬೇಕು?

ಮನೆ ಗಣಪ ಅಂಗೈಯಗಲ ಇದ್ದರೆ ಬಕೆಟ್‌ನಲ್ಲೇ ಬಿಡಬಹುದು. ಬಣ್ಣ ಬಳಿಯದ ಮಣ್ಣಾದರೆ ಆ ನೀರು ಗಿಡಕ್ಕೆ ಆಗುತ್ತದೆ. ದೊಡ್ಡ ಮೂರ್ತಿಗಳಿಗೆ ಪಾಲಿಕೆಯ ಕಲ್ಯಾಣಿ, ಸಂಚಾರಿ ಟ್ಯಾಂಕ್ ಇರುತ್ತವೆ. ಹೂವು, ಬಾಳೆಕಂಬ, ಬಟ್ಟೆ ತೆಗೆದು ಬೇರೆ ಚೀಲಕ್ಕೆ ಹಾಕಿ. ನೀರಿನ ಅಂಚಿಗೆ ಮಕ್ಕಳನ್ನು ಬಿಡಲೇಬೇಡಿ.

ಅಂಗಡಿಯವರಿಗೆ ಒಂದು ಮಾತು. ಚಂದಾ ಕೊಡುವುದು ಅವರವರ ಇಷ್ಟ. ಕೊಟ್ಟರೆ ರಸೀದಿ ಕೇಳಿ. ಇಷ್ಟೇ ಕೊಡಬೇಕು ಅಂತ ಯಾರಾದರೂ ಜಬರ್ದಸ್ತಿ ಮಾಡಿದರೆ ಠಾಣೆಗೆ ತಿಳಿಸಬಹುದು.

ಮೈಕ್ ನಿಯಮ ಎಲ್ಲ ಹಬ್ಬಕ್ಕೂ ಒಂದೇ. ಶಬ್ದಮಾಲಿನ್ಯ ನಿಯಮ 2000ರ ಪ್ರಕಾರ ತೆರೆದ ಜಾಗದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿ 45. ವಾಣಿಜ್ಯ ಪ್ರದೇಶದಲ್ಲಿ ಹಗಲು 65, ರಾತ್ರಿ 55.

ನವರಾತ್ರಿ: ಗೊಂಬೆ, ದುರ್ಗೆ, ಕೋಲಾಟ, ಕುಂಬಳಕಾಯಿ

ವೈಟ್‌ಫೀಲ್ಡ್‌ನ ನವರಾತ್ರಿಗೆ ಮುಖ ಒಂದೇ ಅಲ್ಲ. ಹಳೇ ಮನೆಗಳಲ್ಲಿ ಪಟ್ಟದ ಗೊಂಬೆ ಇಟ್ಟು ಸಂಜೆ ಮಕ್ಕಳನ್ನು ಕರೆದು ಗೊಂಬೆ ಬಾಗಿನ ಕೊಡುತ್ತಾರೆ. ಬಂಗಾಳಿ ಕುಟುಂಬಗಳು ಷಷ್ಠಿಯಿಂದ ದಶಮಿವರೆಗೆ ದುರ್ಗಾಪೂಜೆ ಮಾಡುತ್ತವೆ. ಗುಜರಾತಿಗಳ ದಾಂಡಿಯಾಕ್ಕೆ ಈಗ ಎಲ್ಲ ಭಾಷೆಯವರೂ ಕೋಲು ಹಿಡಿದು ಬರುತ್ತಾರೆ. ದುರ್ಗಾಪೂಜೆಯ ಪೆಂಡಾಲ್‌ಗೆ ಸಾಮಾನ್ಯವಾಗಿ ಯಾರು ಬೇಕಾದರೂ ಹೋಗಬಹುದು. ದಾಂಡಿಯಾಕ್ಕೆ ಬಹಳ ಕಡೆ ಟಿಕೆಟ್ ಇರುತ್ತದೆ, ಮೊದಲೇ ವಿಚಾರಿಸಿ.

ಆಯುಧಪೂಜೆ ಬಂದರೆ ಮಹದೇವಪುರ ಕೈಗಾರಿಕಾ ಪ್ರದೇಶದ ಲೇತ್ ಮೆಷಿನ್‌ನಿಂದ ಹಿಡಿದು ಐಟಿಪಿಎಲ್ ಮುಂದಿನ ಆಟೋವರೆಗೆ ಎಲ್ಲಕ್ಕೂ ಕುಂಕುಮ, ಹೂವು. ತೊಂದರೆ ಬರುವುದು ಮಾರನೇ ದಿನ. ರಸ್ತೆಯಲ್ಲಿ ಒಡೆದ ಬೂದುಗುಂಬಳಕಾಯಿ ಮೇಲೆ ಬೈಕ್ ಜಾರಿ ಬೀಳುವುದು ಪ್ರತಿವರ್ಷದ ಕಥೆ. ಒಡೆದ ಮೇಲೆ ಚೂರುಗಳನ್ನು ಪಕ್ಕಕ್ಕೆ ಗುಡಿಸಿದರೆ ಎರಡು ನಿಮಿಷದ ಕೆಲಸ, ಯಾರದೋ ಮನೆಯ ಕೈಕಾಲು ಉಳಿಯುತ್ತದೆ.

ದೀಪಾವಳಿ: ಕಜ್ಜಾಯದ ಜೊತೆ ಎಚ್ಚರ

ಹೊಸಕೋಟೆ, ಕೋಲಾರದ ಕಡೆಯ ಹಳೇ ಕುಟುಂಬಗಳಲ್ಲಿ ದೀಪಾವಳಿ ಅಂದ್ರೆ ನೋಮುಲು, ನೋಮುದಾರ, ಕಜ್ಜಾಯ. ಹೊಸದಾಗಿ ಬಂದ ಅಕ್ಕಪಕ್ಕದವರಿಗೆ ಒಂದು ತಟ್ಟೆ ಕಜ್ಜಾಯ ಕಳಿಸಿದರೆ ಅದೇ ದೊಡ್ಡ ಪರಿಚಯ.

ಪಟಾಕಿ ವಿಷಯದಲ್ಲಿ ಸಡಿಲ ಬಿಡುವಂತಿಲ್ಲ. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆಗೆ ಬೆಂಕಿ ಬಿದ್ದು ಹದಿನಾಲ್ಕಕ್ಕೂ ಹೆಚ್ಚು ಮಂದಿ ಸತ್ತರು. ಹಬ್ಬದ ಹೊತ್ತಿನ ಕೂಲಿಗೆ ಅಂತ ಬಂದಿದ್ದ ಹುಡುಗರೂ ಅವರಲ್ಲಿದ್ದರು. ಪರವಾನಗಿ ಇಲ್ಲದೆ ದಿನಸಿ ಅಂಗಡಿಯ ಮೂಲೆಯಲ್ಲಿ ಪಟಾಕಿ ಇಟ್ಟು ಮಾರುವುದು ಅಪರಾಧ, ಅದಕ್ಕಿಂತ ಮೊದಲು ಅಪಾಯ. ಹಸಿರು ಪಟಾಕಿಗೆ ಮಾತ್ರ ಅವಕಾಶ, ಹೊಡೆಯುವ ಸಮಯ ರಾತ್ರಿ 8ರಿಂದ 10. ಪೊಟ್ಟಣದ ಮೇಲಿನ ಗುರುತು ನೋಡಿ ಕೊಳ್ಳಿ.

ಕಣ್ಣಿಗೆ ಕಿಡಿ ತಾಗಿದರೆ ಉಜ್ಜಬಾರದು, ಮನೆಮದ್ದು ಹಾಕಬಾರದು. ಶುಚಿಯಾದ ಬಟ್ಟೆ ಹಗುರವಾಗಿ ಮುಚ್ಚಿಕೊಂಡು ಕೂಡಲೇ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ದೀಪಾವಳಿ ದಿನಗಳಲ್ಲಿ ನಗರದ ಮಿಂಟೊ ಆಸ್ಪತ್ರೆ ಹಗಲು-ರಾತ್ರಿ ಚಿಕಿತ್ಸೆಗೆ ಸಜ್ಜಾಗಿರುತ್ತದೆ.

ದೀಪಾವಳಿಯಾಗಿ ಕೆಲವೇ ದಿನಕ್ಕೆ, ಕಾರ್ತಿಕ ಶುದ್ಧ ಷಷ್ಠಿಗೆ, ಬಿಹಾರ ಮತ್ತು ಪೂರ್ವ ಉತ್ತರ ಪ್ರದೇಶದವರ ಛಠ್ ಪೂಜೆ. ಕಟ್ಟಡ ಕೆಲಸ, ಸೆಕ್ಯೂರಿಟಿ ಕೆಲಸದಲ್ಲಿರುವ ಸಾವಿರಾರು ಕುಟುಂಬಗಳಿಗೆ ವರ್ಷದ ದೊಡ್ಡ ಹಬ್ಬ ಇದೇ. ಕಬ್ಬು, ಬಾಳೆಗೊನೆ, ತೆಂಗಿನಕಾಯಿ, ಬಿದಿರಿನ ಮೊರ ತರಿಸಿಟ್ಟುಕೊಂಡ ಅಂಗಡಿಗೆ ವ್ಯಾಪಾರವೂ ಇದೆ.

ನವೆಂಬರ್: ರಾಜ್ಯೋತ್ಸವ, ಕೃಷಿ ಮೇಳ, ಪರಿಷೆ

ನವೆಂಬರ್ 1 ರಾಜ್ಯೋತ್ಸವ. 1956ರಲ್ಲಿ ರಾಜ್ಯ ಒಂದಾಯಿತು, 1973ರಲ್ಲಿ ಕರ್ನಾಟಕ ಅಂತ ಹೆಸರಾಯಿತು. ಆಟೋ ಸ್ಟ್ಯಾಂಡ್‌ಗಳ ರಾಜ್ಯೋತ್ಸವ ಒಂದೇ ದಿನಕ್ಕೆ ಮುಗಿಯುವುದಿಲ್ಲ, ತಿಂಗಳ ಪೂರ್ತಿ ಒಂದೊಂದು ವಾರ ಒಂದೊಂದು ಕಡೆ ಬಾವುಟ, ಅನ್ನಸಂತರ್ಪಣೆ, ಆರ್ಕೆಸ್ಟ್ರಾ. ಕನ್ನಡ ಕಲಿಯುತ್ತಿರುವ ಮಕ್ಕಳನ್ನು ಕರ್ಕೊಂಡು ಹೋಗಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಅಂಗಡಿ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಫಲಕದ ಮೇಲ್ಭಾಗದಲ್ಲಿ. 2024ರಲ್ಲಿ ತಿದ್ದುಪಡಿಯಾದ ಕಾಯ್ದೆ ಹೇಳುವುದು ಇದನ್ನೇ. ಹಬ್ಬಕ್ಕೆ ಬಣ್ಣ ಬಳಿಸುವಾಗಲೇ ಬೋರ್ಡ್ ಸರಿಮಾಡಿಕೊಳ್ಳುವುದು ಸುಲಭ.

ನವೆಂಬರ್‌ನಲ್ಲೇ ಜಿಕೆವಿಕೆ ಆವರಣದಲ್ಲಿ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ. ರಾಗಿ ತೆನೆ, ಹಳ್ಳಿಕಾರ್ ಎತ್ತು ಕಾಣದೆ ಬೆಳೆದ ಮಕ್ಕಳಿಗೆ ಒಂದು ದಿನ ಸಾಲದು. ನವೆಂಬರ್ 23 ಸತ್ಯಸಾಯಿ ಬಾಬಾ ಜನ್ಮದಿನ. ಕಾಡುಗೋಡಿಯ ಬೃಂದಾವನ ಆಶ್ರಮದ ಕಡೆ ಅಂದು ಜನ ಹೆಚ್ಚು, ಆ ರಸ್ತೆಯಲ್ಲಿ ಸ್ವಲ್ಪ ಸಮಯ ಕೈಯಲ್ಲಿಟ್ಟುಕೊಂಡು ಹೊರಡಿ.

ಕಾರ್ತಿಕದ ಕಡೇ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಮುಂದೆ ಕಾಲ್ನಡಿಗೆ. ಮನೆಯಿಂದ ಬಟ್ಟೆ ಚೀಲ ಒಯ್ಯಿರಿ.

ಹಬ್ಬವಿಲ್ಲದ ಶನಿವಾರ, ಭಾನುವಾರಕ್ಕೆ

ಇನ್ನರ್ ಸರ್ಕಲ್: ಮೈಸೂರು ಮಹಾರಾಜ ಚಾಮರಾಜ ಒಡೆಯರ್ ಕೊಟ್ಟ ಜಮೀನಿನಲ್ಲಿ 1882ರಲ್ಲಿ ಆಂಗ್ಲೋ-ಇಂಡಿಯನ್ನರಿಗಾಗಿ ಡಿ.ಎಸ್. ವೈಟ್ ಕಟ್ಟಿಸಲು ಹೊರಟ ಊರಿನ ನಡುಭಾಗ. ವೈಟ್ ಹೆಸರೇ ಊರಿನ ಹೆಸರಾಯಿತು. ದುಂಡನೆಯ ರಸ್ತೆ, ಹಳೇ ಮರ, ಅಳಿದುಳಿದ ಹೆಂಚಿನ ಮನೆ. ಭಾನುವಾರ ಬೆಳಗ್ಗೆ ಅರ್ಧ ಗಂಟೆಯ ನಡಿಗೆ. ಮನೆಗಳು ಖಾಸಗಿ, ಹೊರಗಿನಿಂದಲೇ ನೋಡಿ.

ಕಾಡುಗೋಡಿ ಟ್ರೀ ಪಾರ್ಕ್: ಅದೇ ಹೆಸರಿನ ಮೆಟ್ರೋ ನಿಲ್ದಾಣ ಇದೆ. ಅಜ್ಜ-ಅಜ್ಜಿ, ಪುಟ್ಟ ಮಕ್ಕಳಿಗೆ ಹಿತ.

ಜಾಗೃತಿ ರಂಗಮಂದಿರ, ರಾಮಗೊಂಡನಹಳ್ಳಿ: 2011ರಲ್ಲಿ ಶುರುವಾದದ್ದು. ನಾಟಕ ಮಕ್ಕಳಿಗೆ ಸರಿಹೊಂದುತ್ತದೋ ಇಲ್ಲವೋ ಕೇಳಿ ಟಿಕೆಟ್ ಮಾಡಿ.

ಎಚ್‌ಎಎಲ್ ವಿಮಾನ ವಸ್ತುಸಂಗ್ರಹಾಲಯ: ಮಾರತ್‌ಹಳ್ಳಿ ಕಡೆ, ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿ. ನಿಜವಾದ ವಿಮಾನಗಳನ್ನು ಹತ್ತಿರದಿಂದ ನೋಡಬಹುದು.

ಕಬ್ಬನ್ ಪಾರ್ಕ್: ನೇರಳೆ ಮಾರ್ಗದಲ್ಲಿ ಬದಲಾವಣೆಯಿಲ್ಲದೆ ನೇರ. ಬಾಲಭವನದ ಜೊತೆಗೆ ವಿಶ್ವೇಶ್ವರಯ್ಯ ವಿಜ್ಞಾನ ವಸ್ತುಸಂಗ್ರಹಾಲಯವನ್ನೂ ಒಂದೇ ದಿನದಲ್ಲಿ ನೋಡಬಹುದು. 2023ರ ಅಕ್ಟೋಬರ್ 9ರಂದು ಬೈಯಪ್ಪನಹಳ್ಳಿ-ಕೆ.ಆರ್.ಪುರ ತುಣುಕು ಸೇರಿದ ಮೇಲೆ ಈ ಪ್ರಯಾಣ ಸಲೀಸು. ಭಾನುವಾರ ಮೊದಲ ರೈಲು ಬೆಳಗ್ಗೆ 7ಕ್ಕೆ. ಮೂರು ಅಡಿಗಿಂತ ಕುಳ್ಳಗಿನ ಮಕ್ಕಳಿಗೆ ಟಿಕೆಟ್ ಬೇಡ.

ಬಂಗಾರಪೇಟೆ: ವೈಟ್‌ಫೀಲ್ಡ್ ರೈಲು ನಿಲ್ದಾಣದಿಂದ ಲೋಕಲ್ ಹಿಡಿದರೆ ತಿಳಿನೀರಿನ ಪಾನಿಪುರಿಯ ಊರು. ಮುಂದೆ ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೂ ಹೋಗಿ ಬರಬಹುದು.

ಗೇಟಿನ ಒಳಗೆ, ಗೇಟಿನ ಹೊರಗೆ

ಈ ಭಾಗದಲ್ಲಿ ಹಬ್ಬ ಎರಡು ಥರ ನಡೆಯುತ್ತದೆ. ಒಂದು ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ, ಇನ್ನೊಂದು ಊರಬಾಗಿಲಿನಲ್ಲಿ. ಒಳಗೆ ಕೆಲಸ ಮಾಡುವವರ ಮಕ್ಕಳು ಒಳಗಿನ ಚಿತ್ರಸ್ಪರ್ಧೆಗೆ ಬರುವುದಿಲ್ಲ, ಒಳಗಿನ ಮಕ್ಕಳು ಹೊರಗಿನ ಉತ್ಸವ ನೋಡಿರುವುದಿಲ್ಲ. ಹೊಲ, ಗೋಮಾಳ ಎಲ್ಲ ಕಟ್ಟಡವಾದ ಮೇಲೆ ಎಲ್ಲರೂ ಸೇರುವ ಬಯಲೂ ಕಮ್ಮಿ. ಸರ್ಕಾರಿ ಶಾಲೆ ಮೈದಾನದಲ್ಲಿ, ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಒಂದು ಭಾನುವಾರ ಲಗೋರಿ, ರಂಗೋಲಿ, ಮಣ್ಣಿನ ಗಣಪ ಮಾಡುವ ಆಟ ಇಟ್ಟರೆ ಖರ್ಚು ಹೆಚ್ಚಿಲ್ಲ. ಬಹುಮಾನಕ್ಕೆ ಪೆನ್ನು, ಪುಸ್ತಕ ಕೊಡಲು ಬೀದಿಯ ನಾಲ್ಕು ಅಂಗಡಿಯವರು ಸಾಕು. ಕರೆಯೋಲೆಯ ಮೇಲೆ ‘ಎಲ್ಲರಿಗೂ ಪ್ರವೇಶ, ಉಚಿತ’ ಎಂದು ದಪ್ಪಕ್ಷರದಲ್ಲಿ ಬರೆಯುವುದೇ ಮುಖ್ಯ. ಇಲ್ಲದಿದ್ದರೆ ಬರಬೇಕಾದವರು ಗೇಟಿನ ಬಳಿಯೇ ನಿಂತು ವಾಪಸ್ ಹೋಗುತ್ತಾರೆ.

ಫೋನಿನಲ್ಲಿರಲಿ

ತುರ್ತು ನೆರವು, ಪೊಲೀಸ್, ಅಗ್ನಿಶಾಮಕ: 112
ಆಂಬುಲೆನ್ಸ್: 108
ಮಕ್ಕಳ ಸಹಾಯವಾಣಿ: 1098
ಬೆಸ್ಕಾಂ: 1912

ಜನಜಂಗುಳಿಗೆ ಹೋಗುವಾಗ ಚಿಕ್ಕ ಮಕ್ಕಳ ಜೇಬಿನಲ್ಲಿ ಅಪ್ಪ-ಅಮ್ಮನ ಫೋನ್ ನಂಬರ್ ಬರೆದ ಚೀಟಿ ಇಡಿ. ತಪ್ಪಿಸಿಕೊಂಡರೆ ಎಲ್ಲಿ ಬಂದು ನಿಲ್ಲಬೇಕು ಎಂಬುದನ್ನು ಮನೆಯಿಂದ ಹೊರಡುವಾಗಲೇ ಹೇಳಿಕೊಡಿ.