ಹೆಚ್ಚು ಮಾರಿದಷ್ಟೂ ಹೆಚ್ಚು ನಷ್ಟ: ಡೈಲಿ ಹೆರಾಲ್ಡ್ ಕಥೆ

ಇವತ್ತು ಒಂದು ಲೆಕ್ಕದಿಂದ ಶುರು ಮಾಡೋಣ, ಬಿಕಾಂ ಓದಿದವರ ಚಾಳಿ ಅಂದ್ಕೊಳ್ಳಿ. ಗಿರಾಕಿಗಳು ಹೆಚ್ಚಾದಷ್ಟೂ ಅಂಗಡಿಗೆ ನಷ್ಟ ಹೆಚ್ಚುತ್ತೆ ಅಂದ್ರೆ ನಂಬ್ತೀರಾ? ಬ್ರಿಟನ್ನಿನ ಡೈಲಿ ಹೆರಾಲ್ಡ್ ಅನ್ನೋ ದಿನಪತ್ರಿಕೆಗೆ ಹಾಗೇ ಆಯ್ತು. 1933ರಲ್ಲಿ ಅದು ದಿನಕ್ಕೆ 20 ಲಕ್ಷ ಪ್ರತಿ ಮಾರ್ತಿತ್ತು. ಬ್ರಿಟನ್ನಿನಲ್ಲಿ ಆ ಅಂಕಿ ಮುಟ್ಟಿದ ಮೊದಲ ದಿನಪತ್ರಿಕೆ ಅದೇ. 1964ರಲ್ಲಿ ನಿಲ್ಲಿಸಿದಾಗಲೂ 12 ಲಕ್ಷಕ್ಕಿಂತ ಹೆಚ್ಚು ಪ್ರತಿ ಖರ್ಚಾಗ್ತಿತ್ತು. ಆದರೂ ನಿಲ್ಲಿಸಿದ್ರು.

ಇದು ಅರ್ಥ ಆಗಬೇಕಂದ್ರೆ ಮೊದಲು ಒಂದು ಮುದ್ರೆಯ ಕಥೆ ಕೇಳಬೇಕು.

ಇಂಗ್ಲೆಂಡಿನ ಮೊದಲ ದಿನಪತ್ರಿಕೆ ಡೈಲಿ ಕೊರಾಂಟ್. 1702ರ ಮಾರ್ಚ್ 11ರಂದು ಲಂಡನ್ನಿನ ಫ್ಲೀಟ್ ಸ್ಟ್ರೀಟ್‌ನಲ್ಲಿ ಹೊರಬಂತು, ಒಂದೇ ಹಾಳೆ. ಹೊರತಂದವರು ಎಲಿಜಬೆತ್ ಮ್ಯಾಲೆಟ್, ಹೌದು, ಒಬ್ಬ ಹೆಂಗಸು. ಹತ್ತು ವರ್ಷಕ್ಕೆ, ಅಂದ್ರೆ 1712ರಲ್ಲಿ, ಸರ್ಕಾರ ಪತ್ರಿಕೆಗಳ ಮೇಲೆ ಸುಂಕ ಹಾಕಿತು. ಖಾಲಿ ಕಾಗದವನ್ನೇ ಸರ್ಕಾರಿ ಕಚೇರಿಗೆ ಒಯ್ದು ಮುದ್ರೆ ಒತ್ತಿಸಿ ತಂದು, ಆಮೇಲೆ ಅಚ್ಚು ಹಾಕಬೇಕು. ಒಂದೊಂದು ಜಾಹೀರಾತಿಗೂ 1 ಶಿಲಿಂಗ್ ತೆರಿಗೆ ಬೇರೆ.

ಈ ಸುಂಕ ಏರ್ತಾ ಏರ್ತಾ 1815ಕ್ಕೆ ಪ್ರತಿಗೆ 4 ಪೆನ್ನಿ ಆಯ್ತು, ಪತ್ರಿಕೆಯ ಬೆಲೆ 7 ಪೆನ್ನಿ. ವಾರಕ್ಕೆ ಆರು ದಿನ ಅಂದ್ರೆ 42 ಪೆನ್ನಿ. 12 ಪೆನ್ನಿಗೆ ಒಂದು ಶಿಲಿಂಗ್, ಹಾಗಾಗಿ ಮೂರೂವರೆ ಶಿಲಿಂಗ್. ಕೂಲಿಯವನು ಇಷ್ಟು ಕೊಟ್ಟು ಪೇಪರ್ ತಗೊಂಡ್ರೆ ಮನೆಗೆ ಬ್ರೆಡ್ಡು ಎಲ್ಲಿಂದ ಬರಬೇಕು? ಬಾಡಿಗೆಗೆ ತಂದು ಓದೋಣ ಅಂದ್ರೆ, 1789ರಲ್ಲೇ ಪತ್ರಿಕೆ ಬಾಡಿಗೆಗೆ ಕೊಡೋದೂ ಅಪರಾಧ ಅಂತ ಕಾನೂನು ಮಾಡಿದ್ರು. ಸರ್ಕಾರಕ್ಕೆ ಬರೀ ಆದಾಯ ಬೇಕಿರಲಿಲ್ಲ, ಬಡವರ ಕೈಗೆ ಪತ್ರಿಕೆ ಸಿಗೋದೂ ಬೇಡವಾಗಿತ್ತು.

ಇದಕ್ಕೆ ಸೆಡ್ಡು ಹೊಡೆದವರಲ್ಲಿ ಹೆನ್ರಿ ಹೆದರಿಂಗ್ಟನ್ ಒಬ್ಬ. 1831ರಲ್ಲಿ ಪೂರ್ ಮ್ಯಾನ್ಸ್ ಗಾರ್ಡಿಯನ್ ಅನ್ನೋ ವಾರಪತ್ರಿಕೆ ಶುರು ಮಾಡಿದ. ಮುದ್ರೆ ಇಲ್ಲ, ಬೆಲೆ 1 ಪೆನ್ನಿ. ಕಾನೂನು ಮುರಿದೇ ಇದನ್ನ ತರ್ತಿದ್ದೀವಿ ಅಂತ ಮೊದಲ ಪುಟದಲ್ಲೇ ಹಾಕ್ತಿದ್ದ! ಅವನೂ ಜೈಲಿಗೆ ಹೋದ, ಬೀದಿಯಲ್ಲಿ ಮಾರಿದ ನೂರಾರು ಜನರೂ ಹೋದ್ರು. ಕೊನೆಗೆ 1836ರಲ್ಲಿ ಸುಂಕ 1 ಪೆನ್ನಿಗೆ ಇಳೀತು. 1853ರಲ್ಲಿ ಜಾಹೀರಾತಿನ ತೆರಿಗೆ, 1855ರಲ್ಲಿ ಮುದ್ರೆ ಸುಂಕ, 1861ರಲ್ಲಿ ಕಾಗದದ ಸುಂಕ, ಎಲ್ಲವೂ ಹೋದವು.

ಗೆದ್ದರು ಅಂತ ಖುಷಿಪಡಬಹುದು. ಆದರೆ ಲೆಕ್ಕ ಇಲ್ಲೇ ಬದಲಾಗಿದ್ದು. 1855ರಲ್ಲೇ ಹುಟ್ಟಿದ ಡೈಲಿ ಟೆಲಿಗ್ರಾಫ್ ಕೆಲವೇ ತಿಂಗಳಲ್ಲಿ 1 ಪೆನ್ನಿಗೆ ಇಳೀತು. 1896ರ ಮೇ 4ಕ್ಕೆ ಆಲ್ಫ್ರೆಡ್ ಹಾರ್ಮ್ಸ್‌ವರ್ತ್ ಡೈಲಿ ಮೇಲ್ ತಂದ, ಬೆಲೆ ಅರ್ಧ ಪೆನ್ನಿ. ಕಾಗದ, ಅಚ್ಚು, ಸಾಗಣೆ, ವರದಿಗಾರರ ಸಂಬಳ ಇದೆಲ್ಲ ಅರ್ಧ ಪೆನ್ನಿಯಲ್ಲಿ ಹುಟ್ಟುತ್ತಾ? ಉಳಿದದ್ದನ್ನ ಜಾಹೀರಾತುದಾರ ತುಂಬಿಕೊಡ್ತಿದ್ದ. ಓದುಗನಿಗೆ ಪತ್ರಿಕೆ ಮಾರೋದು, ಜಾಹೀರಾತುದಾರನಿಗೆ ಓದುಗನನ್ನ ಮಾರೋದು. ಒಂದೇ ಅಂಗಡಿ, ಎರಡು ವ್ಯಾಪಾರ.

ಈಗ ಹೆರಾಲ್ಡ್‌ಗೆ ಬರೋಣ. 1911ರಲ್ಲಿ ಲಂಡನ್ನಿನ ಅಚ್ಚು ಕೆಲಸಗಾರರು ಮುಷ್ಕರ ಹೂಡಿದಾಗ ಹೊರಡಿಸಿದ ಹಾಳೆ ಅದು. 1912ರಲ್ಲಿ ಪೂರ್ಣ ದಿನಪತ್ರಿಕೆ ಆಯ್ತು. ಕಾರ್ಮಿಕರ ಪರ, ಸೋಷಿಯಲಿಸ್ಟ್ ಪತ್ರಿಕೆ. ಓದುಗರು ಬಂದ್ರು, ಜಾಹೀರಾತು ಬರಲಿಲ್ಲ. 1920ರಲ್ಲಿ ಬೆಲೆಯನ್ನ 2 ಪೆನ್ನಿಗೆ ಏರಿಸಲೇಬೇಕಾಯ್ತು. ಪ್ರತಿಯೊಂದು ಕಾಪಿಯ ಖರ್ಚು ಅದರ ಬೆಲೆಗಿಂತ ಜಾಸ್ತಿ ಇದ್ದಾಗ, ಒಬ್ಬ ಹೊಸ ಓದುಗ ಬಂದ ಅಂದ್ರೆ ಇನ್ನಷ್ಟು ನಷ್ಟ ಅಂತಲೇ ಅರ್ಥ. ಸಂಪಾದಕರಾಗಿದ್ದ ಜಾರ್ಜ್ ಲ್ಯಾನ್ಸ್‌ಬರಿ ಆಮೇಲೆ ಇದನ್ನೇ ಬರೆದ್ರು: ಮಾರಾಟ ಹೆಚ್ಚಿದ್ದೇ ನಮ್ಮನ್ನ ಮುಳುಗಿಸಿತು ಅಂತ.

1930ರಲ್ಲಿ ಓಡಮ್ಸ್ ಅನ್ನೋ ಪ್ರಕಾಶನ ಕಂಪನಿ 51% ಪಾಲು ತಗೊಂಡಿತು, ಉಳಿದ 49% ಕಾರ್ಮಿಕ ಸಂಘಗಳ ಒಕ್ಕೂಟದ ಹತ್ತಿರ. ಆಮೇಲೆ ನಡೆದದ್ದು ಜಾತ್ರೆ. ಚಂದಾದಾರರಾದ್ರೆ ಡಿಕನ್ಸ್ ಪುಸ್ತಕಗಳ ಸೆಟ್ಟು, ಕ್ಯಾಮೆರಾ, ಇನ್ಶೂರೆನ್ಸ್. ಉಳಿದ ಪತ್ರಿಕೆಗಳೂ ಪೈಪೋಟಿಗೆ ಇಳಿದವು. 20 ಲಕ್ಷದ ದಾಖಲೆ ಬಂದದ್ದು ಹೀಗೆ. (ಇವತ್ತಿನ ಆ್ಯಪ್‌ಗಳ ಕ್ಯಾಶ್‌ಬ್ಯಾಕ್ ನೆನಪಾದ್ರೆ ತಪ್ಪು ನಿಮ್ಮದಲ್ಲ.)

1960ರ ಹೊತ್ತಿಗೆ ಹೆರಾಲ್ಡ್ ಓದುಗರಿಗೆ ವಯಸ್ಸಾಗಿತ್ತು, ಹೆಚ್ಚಿನವರು ದುಡಿಯುವ ವರ್ಗದ ಗಂಡಸರು. ಇವರಿಗೆ ಏನು ಮಾರೋದು ಅಂತ ಕಂಪನಿಗಳು ಹಿಂದೆ ಸರಿದವು. ಅದೇ ಕಾಲದ ಟೈಮ್ಸ್ ಮಾರಾಟ ಹೆರಾಲ್ಡ್‌ನ ಕಾಲು ಭಾಗಕ್ಕಿಂತಲೂ ಕಡಿಮೆ. ಆದರೆ ಟೈಮ್ಸ್ ಓದುಗರ ಜೇಬು ದಪ್ಪ, ಅದು ಉಳೀತು. ಪತ್ರಿಕೆ ಕೆಟ್ಟದಾಗಿತ್ತು, ಅದಕ್ಕೇ ಮುಚ್ಚಿತು ಅನ್ನೋರಿದ್ದಾರೆ. 12 ಲಕ್ಷ ಜನ ಕೆಟ್ಟ ಪತ್ರಿಕೆಗೆ ದಿನಾ ದುಡ್ಡು ಕೊಡ್ತಿದ್ರಾ? ನನಗಂತೂ ಆ ಮಾತು ಒಪ್ಪಿಗೆಯಿಲ್ಲ.

1964ರ ಸೆಪ್ಟೆಂಬರ್ 15ಕ್ಕೆ ಅದರ ಜಾಗದಲ್ಲಿ ಹೊಸ ಹೆಸರಿನ ಪತ್ರಿಕೆ ಬಂತು, ದಿ ಸನ್. ಐದು ವರ್ಷ ಕುಂಟಿದ ಮೇಲೆ, 1969ರಲ್ಲಿ ಅದನ್ನ ಕೊಂಡವರು ರೂಪರ್ಟ್ ಮರ್ಡಾಕ್. ಮುಷ್ಕರದ ಹಾಳೆಯಾಗಿ ಹುಟ್ಟಿದ ಪತ್ರಿಕೆಯ ವಾರಸುದಾರ ಈ ಸನ್. 1986ರಲ್ಲಿ ಮರ್ಡಾಕ್ ತಮ್ಮ ಪತ್ರಿಕೆಗಳನ್ನ ವಾಪಿಂಗ್‌ಗೆ ಸಾಗಿಸಿದಾಗ, ಮುಷ್ಕರ ಹೂಡಿದ ಐದು ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನ ವಜಾ ಮಾಡಿದ್ರು. ಅದರಲ್ಲಿ ಅಚ್ಚು ಕೆಲಸಗಾರರೇ ಹೆಚ್ಚು. ಆ ಕಥೆ ಮುಂದಿನ ಎಪಿಸೋಡ್‌ನಲ್ಲಿ.