ಹೊಲದ ಬೆಲೆ ಮತ್ತು ನ್ಯಾಯಾಲಯದ ಬಾಗಿಲು

ಯಾಜಕಕಾಂಡದ ಇಪ್ಪತ್ತೇಳನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಬೇಗನೆ ದಾಟಿಬಿಡುತ್ತೇವೆ. ದೇವರಿಗೆ ಹರಕೆಯಾಗಿ ಅರ್ಪಿಸಿದ ಹೊಲಕ್ಕೆ ಯಾಜಕನು ಬೆಲೆ ಕಟ್ಟಬೇಕಾದ ಬಗೆ ಅಲ್ಲಿದೆ: ಬಿತ್ತನೆಗೆ ಬೇಕಾದ ಬೀಜವೆಷ್ಟು, ಜೂಬಿಲಿ ವರ್ಷಕ್ಕೆ ಉಳಿದ ಕಾಲವೆಷ್ಟು ಎಂಬುದರ ಮೇಲೆ ಲೆಕ್ಕ. ಆ ಹೊಣೆ ಇಂದಿನ ಯಾಜಕರ ಮೇಲಿಲ್ಲವೆಂಬುದೇ ನನ್ನ ಸಮಾಧಾನ!

ಹೊಳೆಆಲೂರಿನ ಸುತ್ತ ಮಲಪ್ರಭೆಯ ದಡದ ಎರೆಹೊಲಗಳಿಗೆ ಆ ಕೆಲಸ ಮಾಡಿದವರು ಬ್ರಿಟಿಷ್ ಆಡಳಿತದ ಮೋಜಣಿದಾರರು. ಮುಂಬಯಿ ಪ್ರಾಂತದ ಮೋಜಣಿ ಪದ್ಧತಿ 1847ರ ಜಂಟಿ ವರದಿಯಲ್ಲಿ ಸ್ಥಿರರೂಪ ಪಡೆಯಿತು. ಮಣ್ಣಿನ ಬಣ್ಣ ನೋಡಿ, ಆಳ ಅಳೆದು, ಹೊಲವನ್ನು ಒಂಬತ್ತು ದರ್ಜೆಗಳಲ್ಲೊಂದಕ್ಕೆ ಸೇರಿಸುತ್ತಿದ್ದರು. ಒಂದೂಮುಕ್ಕಾಲು ಮೊಳ ಆಳದ ಉತ್ತಮ ಮಣ್ಣಾದರೆ ಹದಿನಾರಾಣೆ. ಕಲ್ಲು, ಇಳಿಜಾರು ಇದ್ದರೆ ದರ್ಜೆ ಕೆಳಗೆ. ನಿಮ್ಮ ಮನೆಯ ಉತಾರದಲ್ಲಿ ‘ಆಕಾರ’ ಎಂದು ಕಾಣುವ ಸಣ್ಣ ಮೊತ್ತ ಆ ಪರಂಪರೆಯದು.

ಆ ಲೆಕ್ಕ ತಪ್ಪೆನಿಸಿದರೆ ರೈತನು ಯಾರನ್ನು ಕೇಳಬೇಕು? 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ಉತ್ತರ ಕನ್ನಡದಲ್ಲಿ ಕಾರವಾರದ ಕಡೆಯ ಹಿಡುವಳಿದಾರರು ಹೊಸ ಆಕಾರವನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು. 1875ರಲ್ಲಿ ಮುಂಬಯಿ ಹೈಕೋರ್ಟು ಸರ್ಕಾರದ ಪರವಾಗಿ ತೀರ್ಪಿತ್ತಿತು. ಆದರೂ ಮರುವರ್ಷವೇ ಕಾಯ್ದೆಯೊಂದು ಬಂದು, ಆಕಾರದ ಮೊತ್ತದ ಕುರಿತ ತಕರಾರನ್ನು ಸಿವಿಲ್ ನ್ಯಾಯಾಲಯ ಕೇಳಕೂಡದೆಂದಿತು. ಗೆದ್ದವರೇ ಬಾಗಿಲಿಗೆ ಅಗಳಿ ಹಾಕಿದ್ದು ನನಗೆ ಸೋಜಿಗವೆನಿಸುತ್ತದೆ. ಒಂದು ಶತಮಾನದ ಬಳಿಕ, ನೀರಾವರಿಯಿಂದ ಭೂಮಿಯ ಬೆಲೆ ಏರಿತೆಂದು ಹೇರಿದ ಅಭಿವೃದ್ಧಿ ಕರದ ವಿರುದ್ಧ ನೆರೆಯ ನರಗುಂದದ ರೈತರು ಬೀದಿಗಿಳಿದರು. 1980ರ ಜುಲೈ 21ರಂದು ಅಲ್ಲಿ ಗುಂಡು ಹಾರಿತು.

ಕಂದಾಯದ ಮಾತು ಹೀಗಾಯಿತು. ಸರ್ಕಾರ ಭೂಮಿಯನ್ನೇ ತೆಗೆದುಕೊಂಡಾಗ ಮಾತ್ರ ಬಾಗಿಲು ತೆರೆದಿತ್ತು. 1894ರ ಭೂಸ್ವಾಧೀನ ಕಾಯ್ದೆಯ 18ನೆಯ ಕಲಮಿನಂತೆ, ಅಧಿಕಾರಿ ಕಟ್ಟಿದ ಬೆಲೆ ಒಪ್ಪದವನು ಪ್ರಕರಣವನ್ನು ನ್ಯಾಯಾಲಯಕ್ಕೆ ಕಳುಹಿಸಲು ಕೋರಬಹುದಿತ್ತು. ಆದರೆ ಹೊಸ್ತಿಲಲ್ಲೇ ಒಂದು ಎಡರು: ತಕರಾರು ತಿಳಿಸದೆ ಪರಿಹಾರದ ಹಣ ಪಡೆದವನಿಗೆ ಆ ಹಕ್ಕಿಲ್ಲ. ಓದುಬರಹ ಬಾರದವರು ಹೆಬ್ಬೆಟ್ಟು ಒತ್ತಿ ಹಣ ಎಣಿಸಿಕೊಳ್ಳುವಷ್ಟರಲ್ಲಿ ವ್ಯಾಜ್ಯವೇ ಮುಗಿದಿರುತ್ತಿತ್ತು. 1984ರ ತಿದ್ದುಪಡಿ ಇದನ್ನು ಸ್ವಲ್ಪ ಸಡಿಲಿಸಿತು. ಅದೇ ಅಧಿಸೂಚನೆಯಡಿ ಹೊಲ ಕಳೆದುಕೊಂಡ ನೆರೆಯವನಿಗೆ ನ್ಯಾಯಾಲಯ ಹೆಚ್ಚಿನ ಬೆಲೆ ಕೊಟ್ಟರೆ, ಅರ್ಜಿ ಹಾಕದಿದ್ದವನೂ ಮೂರು ತಿಂಗಳೊಳಗೆ ಅದನ್ನು ಕೇಳಬಹುದಾಯಿತು. ಅಧಿಕಾರಿ ಕೊಟ್ಟದ್ದಕ್ಕಿಂತ ಕಡಿಮೆ ಮಾಡುವ ಅಧಿಕಾರವೂ ನ್ಯಾಯಾಲಯಕ್ಕೆ ಉಳಿಯಲಿಲ್ಲ.

2014ರ ಜನವರಿ 1ರಿಂದ ಜಾರಿಯಲ್ಲಿರುವ ಹೊಸ ಕಾಯ್ದೆಯಲ್ಲಿ ಪರಿಹಾರ ಹೆಚ್ಚಿದೆ. ಹಳೆಯ ಎಡರು ಮಾತ್ರ ಹಾಗೆಯೇ ಇದೆ. ಐತೀರ್ಪಿನ ವೇಳೆ ಹಾಜರಿದ್ದವರು ಆರು ವಾರದೊಳಗೆ ಅರ್ಜಿ ಕೊಡಬೇಕು, ಹಣ ಪಡೆದರೆ ‘ತಕರಾರಿನೊಂದಿಗೆ ಪಡೆದಿದ್ದೇನೆ’ ಎಂದು ಬರೆಯಬೇಕು. ಹೆಬ್ಬೆಟ್ಟು ಒತ್ತುವ ಅಜ್ಜಿಗೆ ಆ ಒಂದು ಸಾಲು ಬರೆದುಕೊಡುವವರು ಯಾರಾದರೂ ಆ ಹೊತ್ತಿನಲ್ಲಿ ಪಕ್ಕದಲ್ಲಿರಬೇಕಾಗುತ್ತದೆ.