ಸರಿದ ನಿರ್ದೇಶಾಂಕಗಳು: ಹಣ್ಣುನೊಣದ ಜೀನೋಮ್ ಆವೃತ್ತಿ 6 ಮತ್ತು ಬ್ರೌಸರ್ ನವೀಕರಣ

ಹಣ್ಣುನೊಣ ಡ್ರೊಸೊಫಿಲಾ ಮೆಲನೊಗ್ಯಾಸ್ಟರ್‌ನ ಜೀನೋಮ್ 2000ದ ಮಾರ್ಚ್‌ನಲ್ಲಿ ಪ್ರಕಟವಾಯಿತು. ಅದು ಬರ್ಕ್ಲಿ ಡ್ರೊಸೊಫಿಲಾ ಜೀನೋಮ್ ಯೋಜನೆ ಮತ್ತು ಸೆಲೆರಾ ಕಂಪನಿಯ ಜಂಟಿ ಕೆಲಸ. ಅಲ್ಲಿಂದೀಚೆಗೆ ಅದು ಹಲವು ಬಾರಿ ಪರಿಷ್ಕಾರಗೊಂಡಿದೆ. 2006ರ ಆವೃತ್ತಿ 5ರ ತರುವಾಯ 2014ರಲ್ಲಿ ಆವೃತ್ತಿ 6 ಬಂತು. ಹಳೆಯ ಕಡತ ತೆಗೆದು ಹೊಸದನ್ನು ಹಾಕಿದರೆ, ಜೀನೋಮನ್ನು ಪರದೆಯ ಮೇಲೆ ತೋರಿಸುವ ಜೀನೋಮ್ ಬ್ರೌಸರ್‌ನ ನವೀಕರಣ ಮುಗಿಯಿತು ಎಂದುಕೊಳ್ಳುವುದು ಸುಲಭ. ಆದರೆ ಆಗ ಎರಡು ಬಗೆಯ ತೊಂದರೆ ಬರಬಹುದು. ದೋಷಸೂಚನೆ ಬಂದರೆ ಹುಡುಕಿ ಸರಿಪಡಿಸಬಹುದು. ಸದ್ದಿಲ್ಲದೆ ಬರುವ ತಪ್ಪು ಉತ್ತರವನ್ನು ಯಾರೂ ಹುಡುಕುವುದೇ ಇಲ್ಲ. ಈ ಲೇಖನದ ಕಾಳಜಿ ಆ ಎರಡನೆಯದರ ಬಗ್ಗೆ.

ಹೊಸ ಆವೃತ್ತಿಯಲ್ಲಿ ಹೆಚ್ಚು ಬೆಳೆದದ್ದು ಪುನರಾವರ್ತನೆಗಳಿಂದ ತುಂಬಿದ ಹೆಟೆರೊಕ್ರೊಮ್ಯಾಟಿನ್ ಭಾಗ. ವೈ ವರ್ಣತಂತುವಿಗೆ ಜೋಡಿಸಿದ ಅನುಕ್ರಮ 3.47 ಲಕ್ಷ ಬೇಸ್‌ಗಳಿಂದ 36.67 ಲಕ್ಷಕ್ಕೇರಿತು. ಎರಡನೇ ವರ್ಣತಂತುವಿನ ಬಲತೋಳು 2ಆರ್ 2.11 ಕೋಟಿಯಿಂದ 2.53 ಕೋಟಿಗೆ ಬೆಳೆದರೆ, ಎಡತೋಳು 2ಎಲ್ ಬೆಳೆದದ್ದು ಐದು ಲಕ್ಷ ಮಾತ್ರ. ಉದ್ದಕ್ಕಿಂತಲೂ ಮುಖ್ಯವಾದದ್ದು ಹೊಸ ಅನುಕ್ರಮ ಯಾವ ತುದಿಗೆ ಸೇರಿತು ಎಂಬುದು. ಎಡತೋಳಿನ ಎಣಿಕೆ ವರ್ಣತಂತುವಿನ ತುದಿಯಾದ ಟೆಲೊಮಿಯರ್‌ನಿಂದ ಶುರುವಾಗಿ, ಎರಡು ತೋಳುಗಳು ಸೇರುವ ಸೆಂಟ್ರೊಮಿಯರ್ ಕಡೆಗೆ ಸಾಗುತ್ತದೆ; ಬಲತೋಳಿನದು ಸೆಂಟ್ರೊಮಿಯರ್‌ನಿಂದಲೇ ಶುರು. ಹೆಟೆರೊಕ್ರೊಮ್ಯಾಟಿನ್ ಇರುವುದು ಸೆಂಟ್ರೊಮಿಯರ್ ಸುತ್ತ. ಹೀಗಾಗಿ 2ಎಲ್‌ನ ಬಾಲಕ್ಕೆ ಸೇರಿದ್ದು ಹಿಂದಿನ ನಿರ್ದೇಶಾಂಕಗಳನ್ನು, ಎಂದರೆ ಸ್ಥಾನ ಸೂಚಿಸುವ ಅಂಕಿಗಳನ್ನು, ಹೆಚ್ಚೇನೂ ಕದಲಿಸಲಿಲ್ಲ. 2ಆರ್‌ನ ತಲೆಗೆ ಸೇರಿದ್ದು ಅಲ್ಲಿನ ವಂಶವಾಹಿಗಳನ್ನೆಲ್ಲ ಸುಮಾರು 41 ಲಕ್ಷ ಬೇಸ್ ಮುಂದಕ್ಕೆ ತಳ್ಳಿತು.

ಭ್ರೂಣದ ಪಟ್ಟೆಗಳ ಅಧ್ಯಯನದಿಂದ ಹೆಸರಾದ ಈವನ್-ಸ್ಕಿಪ್ಡ್ ವಂಶವಾಹಿಯನ್ನೇ ನೋಡೋಣ. ಆವೃತ್ತಿ 5ರಲ್ಲಿ ಅದರ ನೆಲೆ 2ಆರ್‌ನ ಸುಮಾರು 58.67 ಲಕ್ಷದಲ್ಲಿ, ಆವೃತ್ತಿ 6ರಲ್ಲಿ 99.79 ಲಕ್ಷದ ಬಳಿ. ಹಳೆಯ ಅಂಕಿಯನ್ನು ಹೊಸ ಬ್ರೌಸರ್‌ಗೆ ಕೊಟ್ಟರೆ ಅದು ತಕರಾರಿಲ್ಲದೆ ಇನ್ನೊಂದು ಜಾಗವನ್ನು ತೋರಿಸುತ್ತದೆ. ನವೀಕರಣದ ನಂತರ ಪರೀಕ್ಷೆಗೆ ಕೂತವರು ಪಟ್ಟಿಯ ಮೊದಲ ತೋಳಾದ 2ಎಲ್ ತೆರೆದು ಎಲ್ಲವೂ ಸರಿಯಿದೆ ಎಂದುಕೊಂಡರೆ ಆಶ್ಚರ್ಯವಿಲ್ಲ. ಪರೀಕ್ಷೆ ಬಲತೋಳಿನಿಂದ ಶುರುವಾಗಬೇಕು.

ಹೆಸರುಗಳ ಗೊಂದಲ ಬೇರೆ. ಹಣ್ಣುನೊಣದ ದತ್ತಸಂಚಯ ಫ್ಲೈಬೇಸ್ 2ಎಲ್ ಎಂದು ಬರೆಯುವುದನ್ನು ಯುಸಿಎಸ್‌ಸಿ ಜೀನೋಮ್ ಬ್ರೌಸರ್ ಸಿಎಚ್ಆರ್2ಎಲ್ ಎನ್ನುತ್ತದೆ. ಅದರ ಡಿಎಂ3 ಎಂದರೆ ಆವೃತ್ತಿ 5, ಡಿಎಂ6 ಎಂದರೆ ಆವೃತ್ತಿ 6. ಸ್ಥಾನಗಳನ್ನು ದಾಖಲಿಸುವ ಕಡತಗಳ ಎಣಿಕೆಯಲ್ಲೂ ವ್ಯತ್ಯಾಸವಿದೆ: ಜಿಎಫ್ಎಫ್ ಕಡತದ ಎಣಿಕೆ ಒಂದರಿಂದ, ಬೆಡ್ ಕಡತದ್ದು ಸೊನ್ನೆಯಿಂದ.

ಹಳೆಯ ದತ್ತಾಂಶವನ್ನು ಲಿಫ್ಟ್‌ಓವರ್ ಎಂಬ ತಂತ್ರಾಂಶದಿಂದ ಹೊಸ ನಿರ್ದೇಶಾಂಕಕ್ಕೆ ಸಾಗಿಸುವುದು ವಾಡಿಕೆ. ವಂಶವಾಹಿಗಳ ಗಡಿಗೆ ಅದು ಸಾಕು. ಅನುಕ್ರಮಣ ಯಂತ್ರದ ಚಿಕ್ಕ ತುಣುಕುಗಳಿಂದ ಬಂದ ಸಂಕೇತಗಳಿಗೆ ಸಾಲದು, ಏಕೆಂದರೆ ಹಿಂದೆ ಒಂದೇ ಕಡೆ ಹೊಂದುತ್ತಿದ್ದ ತುಣುಕಿಗೆ ಹೊಸದಾಗಿ ಸೇರಿದ ಭಾಗದಲ್ಲಿ ಇನ್ನೂ ಒಳ್ಳೆಯ ಹೊಂದಾಣಿಕೆ ಸಿಗಬಹುದು. ಅಂಥವನ್ನು ಮೂಲ ತುಣುಕುಗಳಿಂದ ಮತ್ತೆ ಜೋಡಿಸಲೇಬೇಕು. ಖರ್ಚು ಹೆಚ್ಚು, ಬೇರೆ ದಾರಿಯಿಲ್ಲ.

ಹಳೆಯ ಆವೃತ್ತಿಯನ್ನು ಅಳಿಸಿಹಾಕುವುದೂ ತಪ್ಪು. 2014ಕ್ಕೆ ಮುಂಚಿನ ಪ್ರಬಂಧಗಳ ನಿರ್ದೇಶಾಂಕಗಳು ಹಿಂದಿನ ಆವೃತ್ತಿಗಳವು. ಅವನ್ನು ಪರಿಶೀಲಿಸಲು ಹಳೆಯ ಬ್ರೌಸರ್ ಪಕ್ಕದಲ್ಲೇ ನಡೆಯುತ್ತಿರಬೇಕು. ಮೈಸೂರು, ಬೆಂಗಳೂರುಗಳ ನೊಣ ಪ್ರಯೋಗಾಲಯಗಳಿಗೂ ಈ ಮಾತು ಸಲ್ಲುತ್ತದೆ. ಸಂಶೋಧಕರು ಪ್ರತಿ ಕೋಷ್ಟಕದ ತಲೆಯಲ್ಲಿ ಆವೃತ್ತಿಯನ್ನು ನಮೂದಿಸಲಿ. ಅದಿಲ್ಲದ ನಿರ್ದೇಶಾಂಕಗಳನ್ನು ಪತ್ರಿಕೆಗಳ ಸಂಪಾದಕರು ವಾಪಸು ಕಳಿಸಲಿ.